ಅಪ್‌ಡೇಟ್ ಮಾಡಿದ್ದೆ, ರೀಬೂಟ್ ಮಾಡಿರಲಿಲ್ಲ

ಹುಡುಗ ಆರನೇ ಸೆಮ್‌ನವನು. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಅಂತ ಎರಡು ಸಲ ಇಣುಕಿದ.

"ಸರ್, ಒಂದು ವಿಷಯ ಇತ್ತು. ಬೈಬಾರದು."

"ಏನಪ್ಪಾ, ಹೇಳು."

"ಲ್ಯಾಬ್ ಸರ್ವರ್‌ನಲ್ಲಿ ರೂಟ್ ಸಿಗ್ತಿದೆ ಸರ್."

ನಾನು ನಕ್ಕೆ. ರೂಟ್ ಅಂದರೆ ಇಡೀ ಯಂತ್ರದ ಮೇಲೆ ಪೂರ್ತಿ ಅಧಿಕಾರ ಇರೋ ಅಕೌಂಟ್. ಇದು 2022ರ ಮಾರ್ಚ್. ಆ ಸೋಮವಾರ, ಅಂದರೆ 7ನೇ ತಾರೀಕು, ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಆ ವ್ಯವಸ್ಥೆಯ ತಿರುಳಿನಲ್ಲಿ, ಮಾಮೂಲಿ ಬಳಕೆದಾರನಿಗೂ ರೂಟ್ ಸಿಗುವಂಥ 'ಡರ್ಟಿ ಪೈಪ್' ಲೋಪ ಬಹಿರಂಗವಾಗಿತ್ತು. ಬುಧವಾರ ಸಂಜೆಯೇ ನಾನು ಸರ್ವರ್‌ಗೆ ಅಪ್‌ಡೇಟ್ ಹಾಕಿ, ಎಚ್ಒಡಿ ಮೇಡಂಗೆ "ಆಯ್ತು ಮೇಡಂ, ಸೇಫ್" ಅಂತ ಮೆಸೇಜ್ ಕೂಡ ಕಳಿಸಿದ್ದೆ. ಇವತ್ತು ಶುಕ್ರವಾರ. ಹುಡುಗ ನನ್ನ ಕಂಪ್ಯೂಟರಿನಲ್ಲೇ ತನ್ನ ಅಕೌಂಟ್‌ಗೆ ಲಾಗಿನ್ ಆದ, ಸಿ ಭಾಷೆಯ ಒಂದು ಚಿಕ್ಕ ಪ್ರೋಗ್ರಾಂ ಕಂಪೈಲ್ ಮಾಡಿ ಓಡಿಸಿದ, 'ಹೂಆಮ್ಐ' (ನಾನು ಯಾರು) ಅಂತ ಟೈಪ್ ಮಾಡಿದ. ಪರದೆ ಮೇಲೆ ಒಂದೇ ಪದ: ರೂಟ್. ಮೂರು ಸೆಕೆಂಡೂ ಹಿಡಿಯಲಿಲ್ಲ.

ಓಡುತ್ತಿರುವ ಕರ್ನಲ್ ಯಾವುದು ಅಂತ ತೋರಿಸೋ ಯುನೇಮ್ -ಆರ್ ಹೊಡೆದೆ. ಹಳೇ ಕರ್ನಲ್‌ನ ಸಂಖ್ಯೆ ಬಂತು. ಸರಿಪಡಿಸಿದ ಕರ್ನಲ್ 5.13.0-35. ಅದೂ ಡಿಸ್ಕ್ ಮೇಲೆ ಇತ್ತು, ಹಾಕಿರೋ ಪ್ಯಾಕೇಜ್‌ಗಳ (ಡಿಪಿಕೆಜಿ) ಪಟ್ಟಿಯಲ್ಲಿ ನೀಟಾಗಿ ಕೂತಿತ್ತು. ಆದರೆ ಓಡುತ್ತಿದ್ದದ್ದು ಹಳೆಯದು. ನಾನು ರೀಬೂಟ್ ಮಾಡಿರಲಿಲ್ಲ, ಅಷ್ಟೇ. ಲ್ಯಾಬ್ ಇಂಟರ್ನಲ್ಸ್ ನಡೀತಿದೆ, ಭಾನುವಾರ ಮಾಡಿದರಾಯ್ತು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಆ ಸರ್ವರ್ ಒಂದು ವರ್ಷದ ಹತ್ತಿರ ನಿಲ್ಲದೆ ಓಡಿತ್ತು, ಆ ಅಪ್‌ಟೈಮ್ ಸಂಖ್ಯೆ ನೋಡಿ ನನಗೆ ಒಳಗೊಳಗೇ ಒಂಥರಾ ಜಂಬ ಇತ್ತು.

ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠವನ್ನೂ ಮಾಡುತ್ತೇನೆ, ಸರ್ವರ್‌ಗಳನ್ನೂ ನೋಡಿಕೊಳ್ಳುತ್ತೇನೆ. ಡರ್ಟಿ ಪೈಪ್ ಥರದ ಲೋಪ ನಮ್ಮಂಥ ಕಡೆಗೆ ಯಾಕೆ ಜಾಸ್ತಿ ಅಪಾಯ ಅಂದರೆ, ಅದನ್ನು ಬಳಸೋಕೆ ಮೊದಲು ಆ ಯಂತ್ರದಲ್ಲಿ ಒಂದು ಮಾಮೂಲಿ ಅಕೌಂಟ್ ಇರಬೇಕು. ಬೇರೆ ಆಫೀಸುಗಳಲ್ಲಿ ಕಳ್ಳ ಮೊದಲು ಆ ಅಕೌಂಟ್ ಕದಿಯಬೇಕು. ನಮ್ಮಲ್ಲಿ ಇನ್ನೂರು ಹುಡುಗರಿಗೆ ನಾವೇ ಅಕೌಂಟ್ ಕೊಟ್ಟು, ಸಿ ಕಂಪೈಲರನ್ನೂ ಕೈಗಿಟ್ಟು, ಕೂರಿಸಿರುತ್ತೇವೆ.

ಲೋಪ ಏನಿತ್ತು ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಯಾಕಂದರೆ ಇದು ನನಗೆ ಬಹಳ ಇಷ್ಟವಾದ ಕಥೆ. ಮ್ಯಾಕ್ಸ್ ಕೆಲ್ಲರ್‌ಮನ್ ಅನ್ನೋ ಡೆವಲಪರ್ ವೆಬ್ ಹೋಸ್ಟಿಂಗ್ ಕೆಲಸದಲ್ಲಿದ್ದಾಗ, 2021ರ ಏಪ್ರಿಲ್‌ನಲ್ಲಿ ಒಬ್ಬ ಗ್ರಾಹಕರಿಂದ ದೂರು ಬಂತು: ಡೌನ್‌ಲೋಡ್ ಮಾಡಿದ ಲಾಗ್ ಫೈಲ್ ಬಿಚ್ಚೋಕಾಗುತ್ತಿಲ್ಲ. ನೋಡಿದರೆ ಜಿಜಿಪ್ ಫೈಲಿನ ಕೊನೆಯ 8 ಬೈಟ್ ಕೆಟ್ಟಿದೆ. ಅವರು ಕೈಯಲ್ಲಿ ಸರಿಮಾಡಿ ಬಿಟ್ಟರು. ಮತ್ತೆ ಬಂತು, ಮತ್ತೆ ಬಂತು. ಹೆಚ್ಚಾಗಿ ತಿಂಗಳ ಕೊನೆ ದಿನದ ಫೈಲೇ ಕೆಡುತ್ತಿತ್ತು. ಕೆಟ್ಟ ಜಾಗದಲ್ಲಿ ಯಾವಾಗಲೂ ಅದೇ ಬೈಟ್‌ಗಳು, ಶುರುವಿನಲ್ಲಿ 'ಪಿಕೆ' ಅನ್ನೋ ಎರಡು ಅಕ್ಷರ. ಅದು ಜಿಪ್ ಫೈಲಿನ ಗುರುತು. ತಿಂಗಳ ಎಲ್ಲ ಲಾಗ್‌ಗಳನ್ನು ಒಂದು ಜಿಪ್ ಮಾಡಿ ಕಳಿಸುವ ಪ್ರೋಗ್ರಾಂ ಬರೆಯುತ್ತಿದ್ದ ಬೈಟ್‌ಗಳು ಬೇರೊಂದು ಫೈಲಿನೊಳಗೆ ಹೋಗಿ ಕೂರುತ್ತಿದ್ದವು. ಆ ಪ್ರೋಗ್ರಾಂಗೆ ಆ ಫೈಲಿಗೆ ಬರೆಯುವ ಅನುಮತಿಯೇ ಇರಲಿಲ್ಲ! ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕೊನೆಗೆ ತಪ್ಪು ಕರ್ನಲ್‌ನದ್ದೇ ಅಂತ ಹಿಡಿದರು.

ಒಳಗಿನ ಲೆಕ್ಕ ಇಷ್ಟು. ಫೈಲ್ ಓದಿದಾಗ ಕರ್ನಲ್ ಅದರ ಒಂದು ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಅದಕ್ಕೆ ಪೇಜ್ ಕ್ಯಾಶ್ ಅಂತಾರೆ. ಫೈಲಿನ ತುಂಡೊಂದನ್ನು ಪೈಪ್‌ಗೆ, ಅಂದರೆ ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಹರಿಸೋ ಕೊಳವೆಗೆ, ಸ್ಪ್ಲೈಸ್ ಮಾಡಿದರೆ (ನೇರವಾಗಿ ಜೋಡಿಸಿದರೆ) ಕರ್ನಲ್ ನಕಲು ಮಾಡೋ ಶ್ರಮ ತೆಗೆದುಕೊಳ್ಳಲ್ಲ, ಅದೇ ಪುಟವನ್ನು ಪೈಪಿನ ಡಬ್ಬಿಯಲ್ಲಿ ತೋರಿಸಿಬಿಡುತ್ತದೆ. ಪ್ರತಿ ಡಬ್ಬಿಯ ಮೇಲೂ ಚೀಟಿ ಇರುತ್ತದೆ. 'ಇದಕ್ಕೇ ಮುಂದುವರಿಸಿ ಬರೆಯಬಹುದು' ಅನ್ನೋದು ಅಂಥ ಒಂದು ಚೀಟಿ. ಡಬ್ಬಿ ಖಾಲಿಯಾಗಿ ಮತ್ತೆ ತುಂಬುವಾಗ ಹಳೇ ಚೀಟಿ ಕಿತ್ತು ಹಾಕಬೇಕಿತ್ತು. ಕಿತ್ತಿರಲಿಲ್ಲ. ಹಾಗಾಗಿ ಓದೋಕೆ ಮಾತ್ರ ಅನುಮತಿ ಇರೋ ಫೈಲಿನ ಪುಟದ ಮೇಲೂ ಬರೆಯಬಹುದಾಗಿತ್ತು. ಯಂತ್ರದ ಅಕೌಂಟ್‌ಗಳ ಪಟ್ಟಿ ಇರೋ ಫೈಲನ್ನು ಎಲ್ಲರೂ ಓದಬಹುದು ಅಲ್ವಾ? ಅದರಲ್ಲಿ ರೂಟ್‌ನ ಸಾಲನ್ನೇ ತಿದ್ದಿದರೆ? ಮುಗೀತು ಕಥೆ. ಕರ್ನಲ್ 5.8ರಿಂದ ಈ ತೂತು ಬಳಸುವ ಹಾಗಿತ್ತು. ಹಾಕಿದ ತೇಪೆ ಎಷ್ಟು ದೊಡ್ಡದು ಗೊತ್ತಾ, ಎರಡು ಸಾಲು. ಚೀಟಿಯನ್ನು ಸೊನ್ನೆ ಮಾಡೋ ಎರಡು ಸಾಲು. ಫೆಬ್ರವರಿ 20ಕ್ಕೆ ಕರ್ನಲ್ ಭದ್ರತಾ ತಂಡಕ್ಕೆ ತಿಳಿಸಿದರು, 23ಕ್ಕೆ 5.16.11, 5.15.25, 5.10.102 ಹೊರಬಂದವು.

ಅಂದರೆ ಅವರ ಕಡೆಯಿಂದ ಮೂರು ದಿನದಲ್ಲಿ ಕೆಲಸ ಮುಗಿದಿತ್ತು. ತಡ ಮಾಡಿದ್ದು ನಾನು.

ಆ ಶುಕ್ರವಾರಕ್ಕೆ ವಾಪಸ್ ಬರುತ್ತೇನೆ. ಹುಡುಗನ ಮುಂದೆಯೇ ರೀಬೂಟ್ ಕೊಟ್ಟೆ. ಮಧ್ಯಾಹ್ನದ ಬ್ಯಾಚ್‌ನವರು ಗೊಣಗಿದರು, ಗೊಣಗಲಿ. ಎದ್ದ ಮೇಲೆ ಯುನೇಮ್ 5.13.0-35 ಅಂದಿತು, ಅದೇ ಪ್ರೋಗ್ರಾಂ ಮತ್ತೆ ಓಡಿಸಿದೆವು, ಕೆಲಸ ಮಾಡಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನೆಗೆ ಹೋಗುವಾಗ ಬಸ್ಸಲ್ಲಿ ಒಂದು ಯೋಚನೆ ಕೊರೆಯೋಕೆ ಶುರುವಾಯ್ತು. ಒಬ್ಬ ಬಂದು ಹೇಳಿದ. ಹೇಳದೇ ಇದ್ದವರು ಎಷ್ಟು ಜನ? ಡರ್ಟಿ ಪೈಪ್‌ನ ಇನ್ನೊಂದು ತೊಂದರೆ ಏನೆಂದರೆ, ಬದಲಾವಣೆ ಆಗೋದು ಮೆಮೊರಿಯಲ್ಲಿರೋ ಪ್ರತಿಯಲ್ಲಿ. ಆ ಪುಟ ಬದಲಾಗಿದೆ ಅಂತ ಕರ್ನಲ್‌ಗೇ ಗೊತ್ತಿರಲ್ಲ, ಹಾಗಾಗಿ ಡಿಸ್ಕ್‌ಗೆ ಬರೆಯೋದೂ ಇಲ್ಲ. ರೀಬೂಟ್ ಮಾಡಿದ ಕೂಡಲೇ ಸಾಕ್ಷಿ ಮಾಯ. ಆದರೆ ಒಮ್ಮೆ ರೂಟ್ ಸಿಕ್ಕವನು ಆಮೇಲೆ ಬೇರೆ ಏನು ಬೇಕಾದರೂ ಬಿಟ್ಟು ಹೋಗಿರಬಹುದು: ದೂರದಿಂದ ಲಾಗಿನ್ ಆಗೋಕೆ ಒಂದು ಎಸ್ಎಸ್ಎಚ್ ಕೀಲಿ, ನಿಗದಿತ ಹೊತ್ತಿಗೆ ಪ್ರೋಗ್ರಾಂ ಓಡಿಸೋ ಕ್ರಾನ್‌ನಲ್ಲಿ ಒಂದು ಸಾಲು, ಎಲ್ಲೋ ಮೂಲೆಯಲ್ಲಿ ಯಾರು ಓಡಿಸಿದರೂ ರೂಟ್ ಆಗಿ ಓಡೋ (ಸೆಟ್‌ಯುಐಡಿ) ಶೆಲ್ಲಿನ ನಕಲು. ಇವನ್ನೆಲ್ಲ ಹುಡುಕಿದೆ, ಏನೂ ಸಿಗಲಿಲ್ಲ. ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತಲ್ಲ. ಭಾನುವಾರ ಬಂದು ಇಡೀ ಸರ್ವರನ್ನು ಅಳಿಸಿ ಹೊಸದಾಗಿ ಹಾಕಿದೆ, ಹೋಮ್ ಫೋಲ್ಡರ್‌ಗಳನ್ನು ಮಾತ್ರ ಬ್ಯಾಕಪ್‌ನಿಂದ ತಂದೆ, ಎಲ್ಲರ ಪಾಸ್‌ವರ್ಡ್ ಬದಲಾಯಿಸಿದೆ. ಬುಧವಾರ ಐದು ನಿಮಿಷದಲ್ಲಿ ಮುಗಿಯಬೇಕಿದ್ದ ರೀಬೂಟ್‌ಗೆ ಪೂರ್ತಿ ಒಂದು ಭಾನುವಾರ ಹೋಯ್ತು. ಮನೆಯಲ್ಲಿ ಬೈಗುಳ ಬೇರೆ.

ಸೋಮವಾರದಿಂದ ಉಳಿದ ಯಂತ್ರಗಳನ್ನು ಒಂದೊಂದಾಗಿ ನೋಡಿದೆ. ಆಗ ಗೊತ್ತಾದ ಒಂದು ವಿಷಯಕ್ಕೆ ಇವತ್ತಿಗೂ ನಗು ಬರುತ್ತದೆ. ಲ್ಯಾಬಿನ ಅರವತ್ತು ಡೆಸ್ಕ್‌ಟಾಪ್‌ಗಳು ಉಬುಂಟು 20.04. ಡೆಸ್ಕ್‌ಟಾಪ್ ಆವೃತ್ತಿಗೆ ಹೊಸ ಸಾಲಿನ ಕರ್ನಲ್ ತಾನಾಗೇ ಬರುತ್ತಾ ಹೋಗುತ್ತದೆ, ಹಾಗಾಗಿ ಅವೂ 5.13ರಲ್ಲೇ ಇದ್ದವು, ಅವಕ್ಕೂ ಅಪಾಯ ಇತ್ತು. ಆದರೆ ನೋಡಿದರೆ ಹೆಚ್ಚುಕಮ್ಮಿ ಎಲ್ಲವೂ ಆಗಲೇ -35ರಲ್ಲಿ ಓಡುತ್ತಿವೆ! ನಾನು ಮುಟ್ಟಿಯೇ ಇರಲಿಲ್ಲ. ಆಗಿದ್ದಿಷ್ಟು: ಭದ್ರತಾ ಅಪ್‌ಡೇಟ್ ತಾನಾಗೇ ಇಳಿದು ಕೂತಿತ್ತು, ಸಂಜೆ ನಮ್ಮ ಲ್ಯಾಬ್ ಅಟೆಂಡರ್ ಎಂದಿನಂತೆ ಎಲ್ಲ ಶಟ್‌ಡೌನ್ ಮಾಡಿಸಿ ಮೇನ್ ಸ್ವಿಚ್ ಆಫ್ ಮಾಡಿದ್ದ, ಬೆಳಿಗ್ಗೆ ಹೊಸ ಕರ್ನಲ್‌ನೊಂದಿಗೆ ಎದ್ದವು. ಯುಪಿಎಸ್ ಕೊಟ್ಟು, ಏಸಿ ಹಾಕಿ, ನಾನು ಮುದ್ದು ಮಾಡಿ ಸಾಕಿದ್ದ ಸರ್ವರ್ ಮಾತ್ರ ಬಾಗಿಲು ತೆರೆದುಕೊಂಡು ಕೂತಿತ್ತು.

ಡೆಬಿಯನ್ 11 ಇದ್ದ ಬ್ಯಾಕಪ್ ಯಂತ್ರದಲ್ಲಿ ಬೇರೆ ಥರದ ಗೊಂದಲ. ಅಲ್ಲಿ ಅಪ್‌ಡೇಟ್ ಆದ ಮೇಲೆ ಪ್ಯಾಕೇಜ್ ಸಂಖ್ಯೆ 5.10.92-2. ನಮ್ಮ ಸಹೋದ್ಯೋಗಿಯೊಬ್ಬರು ಓಡಿ ಬಂದರು, "ಸರ್, 5.10.102 ಇರಬೇಕಂತೆ, ನಮ್ಮದು ಇನ್ನೂ 92." ಅವರ ತಪ್ಪಿಲ್ಲ, ಸಂಖ್ಯೆ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಡೆಬಿಯನ್, ಉಬುಂಟು ಥರದವರು ಇಡೀ ಹೊಸ ಕರ್ನಲ್ ತರೋ ಬದಲು ಆ ಎರಡು ಸಾಲಿನ ತೇಪೆಯನ್ನು ಮಾತ್ರ ತಂದು ತಮ್ಮ ಹಳೇ ಕರ್ನಲ್‌ಗೆ ಹೊಲಿದಿರುತ್ತಾರೆ. ಕೊನೆಯ '-2' ಅನ್ನೋದೇ ಆ ಹೊಲಿಗೆ. ಅದಕ್ಕೇ ಮುಖ್ಯ ಸಂಖ್ಯೆ ನೋಡಿ ತೀರ್ಮಾನ ಮಾಡೋಕೆ ಹೋಗಬಾರದು. ಪ್ರತಿ ಲೋಪಕ್ಕೂ ಕೊಡೋ ಗುರುತಿನ ಸಂಖ್ಯೆ, ಅಂದರೆ ಸಿವಿಇ ಸಂಖ್ಯೆ ಹಿಡಿದು, ಡರ್ಟಿ ಪೈಪ್‌ಗಾದರೆ ಸಿವಿಇ-2022-0847, ನಿಮ್ಮ ಡಿಸ್ಟ್ರೋದ (ಡೆಬಿಯನ್, ಉಬುಂಟು ಥರದ ಲಿನಕ್ಸ್ ಬಗೆಯ) ಸೆಕ್ಯುರಿಟಿ ಪುಟದಲ್ಲಿ ಯಾವ ಪ್ಯಾಕೇಜ್‌ನಲ್ಲಿ ಸರಿಯಾಗಿದೆ ಅಂತ ನೋಡೋದೇ ಸರಿ.

ಹಳೇ ಉಬುಂಟು 18.04 ಸರ್ವರ್ 4.15 ಕರ್ನಲ್‌ನದು, ಡರ್ಟಿ ಪೈಪ್ ಅದಕ್ಕೆ ತಾಗಲ್ಲ. ಆದರೂ ನೋಡಿದೆ, ನೋಡಿ ಎದೆ ಧಸಕ್ಕೆಂದಿತು. ಕರ್ನಲ್ ಎರಡು ವರ್ಷ ಹಳೆಯದು. ಪ್ರತಿ ವಾರ ಅಪ್‌ಡೇಟ್ ಸ್ಕ್ರಿಪ್ಟ್ ಓಡುತ್ತಿತ್ತು, ಮೇಲ್ ಬರುತ್ತಿತ್ತು, ನಾನು ಓದದೆ ಪಕ್ಕಕ್ಕಿಡುತ್ತಿದ್ದೆ. ಆ ಮೇಲ್‌ನಲ್ಲಿ ಪ್ರತಿ ಸಲವೂ ಒಂದು ಸಾಲು ಇರುತ್ತಿತ್ತು: ಈ ಪ್ಯಾಕೇಜ್‌ಗಳನ್ನು 'ಕೆಪ್ಟ್ ಬ್ಯಾಕ್' (ಹಾಕದೆ ತಡೆಹಿಡಿ) ಮಾಡಲಾಗಿದೆ, ಅಂತ. ಸ್ಕ್ರಿಪ್ಟ್‌ನಲ್ಲಿದ್ದದ್ದು ಆಪ್ಟ್-ಗೆಟ್ ಅಪ್‌ಗ್ರೇಡ್. ಅದು ಇರೋ ಪ್ಯಾಕೇಜನ್ನು ಮೇಲೇರಿಸುತ್ತದೆ, ಹೊಸ ಹೆಸರಿನ ಪ್ಯಾಕೇಜ್ ತರೋದಿಲ್ಲ. ಕರ್ನಲ್ ಹಾಗಲ್ಲ, ಪ್ರತಿ ಸಲ ಹೊಸ ಹೆಸರಿನಲ್ಲೇ ಬರುತ್ತದೆ, ಯಾಕಂದರೆ ಹೆಸರಿನಲ್ಲೇ ಸಂಖ್ಯೆ ಇದೆ. ಎರಡು ವರ್ಷ ಬಾಗಿಲ ಹೊರಗೇ ನಿಂತಿತ್ತು ಪಾಪ. ಬರೀ ಆಪ್ಟ್ ಅಪ್‌ಗ್ರೇಡ್ ಅಂದರೆ ತರುತ್ತದೆ, ಫುಲ್-ಅಪ್‌ಗ್ರೇಡ್ ಅಂದರೂ ತರುತ್ತದೆ. ಬದಲಾಯಿಸಿ ಓಡಿಸಿದೆ, ಈಗ ಕರ್ನಲ್ ಫೈಲ್‌ಗಳನ್ನು ಇಡೋ /ಬೂಟ್ ಜಾಗ ತುಂಬಿ ಅರ್ಧಕ್ಕೆ ನಿಂತಿತು. ಆ ಸರ್ವರ್ ಹಾಕಿದವರು ಯಾರೋ /ಬೂಟ್‌ಗೆ ಒಂದು ಚಿಕ್ಕ ಪಾರ್ಟಿಷನ್ ಕೊಟ್ಟು ಹೋಗಿದ್ದರು, ಹಳೇ ಕರ್ನಲ್‌ಗಳು ಗುಡ್ಡೆ ಬಿದ್ದಿದ್ದವು, ಒಂದೊಂದರ ಜೊತೆ ಬರೋ ಇನಿಟ್‌ರಾಮ್ ಫೈಲೇ ಹತ್ತಾರು ಎಂಬಿ. ಓಡುತ್ತಿರುವುದನ್ನು ಬಿಟ್ಟು ಹಳೆಯವನ್ನು ಪರ್ಜ್ ಮಾಡಿದ ಮೇಲೆ ದಾರಿ ಆಯ್ತು. ಆತುರದಲ್ಲಿ /ಬೂಟ್ ಒಳಗಿನ ಫೈಲ್‌ಗಳನ್ನು ಕೈಯಿಂದ ಅಳಿಸೋಕೆ ಹೋಗಬೇಡಿ, ಆಪ್ಟ್‌ಗೆ ಲೆಕ್ಕ ತಪ್ಪಿ ಇನ್ನೂ ಗೋಜಲಾಗುತ್ತದೆ.

ಇನ್ನು ಜಿಪಿಯು ಯಂತ್ರ. ಅದರ ಎನ್‌ವಿಡಿಯಾ ಡ್ರೈವರನ್ನು ಯಾರೋ ವೆಬ್‌ಸೈಟ್‌ನಿಂದ ಇಳಿಸಿ ನೇರವಾಗಿ ಹಾಕಿದ್ದರು, ಕರ್ನಲ್ ಬದಲಾದಾಗ ಡ್ರೈವರನ್ನು ತಾನಾಗೇ ಮತ್ತೆ ಕಂಪೈಲ್ ಮಾಡೋ ಡಿಕೆಎಂಎಸ್‌ಗೆ ಸೇರಿಸಿರಲಿಲ್ಲ. ಹೊಸ ಕರ್ನಲ್ ಬಂದಾಗ ಡ್ರೈವರ್ ಮಾಡ್ಯೂಲ್ ಅದಕ್ಕೆ ತಕ್ಕಂತೆ ಮತ್ತೆ ಕಂಪೈಲ್ ಆಗಬೇಕು, ಆಗಲಿಲ್ಲ, ಕೊನೇ ವರ್ಷದ ಪ್ರಾಜೆಕ್ಟ್ ಹುಡುಗರು ಬಂದು "ಸರ್, ಜಿಪಿಯು ಕಾಣ್ತಿಲ್ಲ" ಅಂದರು. ನಾನು ಬೇರೆ ಗಡಿಬಿಡಿಯಲ್ಲಿದ್ದೆ, ಸಂಜೆ ನೋಡೋಣ ಅಂದೆ. ಸಂಜೆ ಹೋದರೆ ಸರಿಯಾಗಿದೆ! ಖುಷಿಯಾಗಿ ಬಿಟ್ಟುಬಿಟ್ಟೆ. ಮೂರು ವಾರದ ಮೇಲೆ ತಿಳಿಯಿತು, ಅವರು ಯಂತ್ರ ಏಳುವಾಗ ಬರೋ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿಕೊಂಡು ಕೆಲಸ ಸಾಗಿಸಿದ್ದರು. ಅಂದರೆ ಮೂರು ವಾರವೂ ಅದೇ ತೂತು. ಡ್ರೈವರ್ ಕಿತ್ತು, ಉಬುಂಟು ರೆಪೊಸಿಟರಿಯ ಡ್ರೈವರ್ ಹಾಕಿದ ಮೇಲೆ ಆ ಕಾಟ ತಪ್ಪಿತು.

ಇಷ್ಟೆಲ್ಲ ಆದ ಮೇಲೆ ಈಗ ನನ್ನ ಪದ್ಧತಿ ಬಹಳ ಸರಳ. ಸಾಫ್ಟ್‌ವೇರ್ ಏನೂ ಕೊಳ್ಳಲಿಲ್ಲ. ಪ್ರತಿ ಬೆಳಿಗ್ಗೆ ಒಂದು ಪುಟ್ಟ ಸ್ಕ್ರಿಪ್ಟ್ ಎಲ್ಲ ಯಂತ್ರಗಳಿಗೆ ಹೋಗಿ, ಓಡುತ್ತಿರುವ ಕರ್ನಲ್ ಯಾವುದು, ಡಿಸ್ಕ್ ಮೇಲಿರೋ ಅತಿ ಹೊಸದು ಯಾವುದು ಅಂತ ಕೇಳುತ್ತದೆ. ಎರಡೂ ಒಂದೇ ಆದರೆ ಸುಮ್ನಿರುತ್ತದೆ. ಬೇರೆ ಬೇರೆ ಇದ್ದರೆ ಮಾತ್ರ ನನ್ನ ಫೋನಿಗೆ ಮೆಸೇಜ್. ದಿನಾ ಬರೋ ಮೇಲ್ ಯಾರೂ ಓದಲ್ಲ, ನಾನಂತೂ ಓದಲ್ಲ, ಅದು ಸಾಬೀತಾಗಿದೆ. ಕರ್ನಲ್ ಅಪ್‌ಡೇಟ್ ಬಂದರೆ ಮೊದಲು ನನ್ನ ಸ್ವಂತ ಯಂತ್ರ, ಮರುದಿನ ಒಂದು ಲ್ಯಾಬ್ ಯಂತ್ರ, ಆಮೇಲೆ ಸರ್ವರ್. ಟೈಮ್‌ಟೇಬಲ್‌ನಲ್ಲಿ ಗುರುವಾರ ಸಂಜೆ ಐದೂವರೆಗೆ 'ಸರ್ವರ್ ಬಂದ್' ಅಂತ ಅಧಿಕೃತವಾಗಿ ಹಾಕಿಸಿದ್ದೇನೆ, ಕೆಲಸ ಇರಲಿ ಬಿಡಲಿ. ಮೇಡಂ ಒಪ್ಪಿದ್ದು ಯಾಕೆ ಅಂತ ಹೇಳಬೇಕಾಗಿಲ್ಲ.

ರೀಬೂಟ್ ನಿಜಕ್ಕೂ ಆಗದ ಸಂದರ್ಭ ಆಮೇಲೆ ಒಂದು ಸಲ ಬಂತು. 2024ರಲ್ಲಿ ಕರ್ನಲ್‌ನೊಳಗೆ ನೆಟ್‌ವರ್ಕ್ ಪ್ಯಾಕೆಟ್ ಸೋಸೋ ಎನ್ಎಫ್ ಟೇಬಲ್ಸ್‌ನಲ್ಲಿದ್ದ ಲೋಪ, ಸಿವಿಇ-2024-1086. ಮೂಲ ಕರ್ನಲ್‌ನಲ್ಲಿ ಜನವರಿಯಲ್ಲೇ ಸರಿಯಾಗಿತ್ತು. ಮಾರ್ಚ್ ಕೊನೆಗೆ ಅದನ್ನು ಬಳಸಿ ರೂಟ್ ಪಡೆಯೋ ಕೋಡ್ ಬಹಿರಂಗವಾಯ್ತು. ಮೇ 30ಕ್ಕೆ ಅಮೆರಿಕದ ಸಿಸಾ ಸಂಸ್ಥೆ, ದಾಳಿಕೋರರು ನಿಜವಾಗಿ ಬಳಸುತ್ತಿರುವ ಲೋಪಗಳ ಪಟ್ಟಿಗೆ ಸೇರಿಸಿತು. ಆ ಕೋಡ್ ಹೊರಬಿದ್ದ ವಾರ ನಮ್ಮ ಸರ್ವರ್ ಹೊಸ ಕರ್ನಲ್ ಇಳಿಸಿಕೊಂಡು ರೀಬೂಟ್‌ಗೆ ಕಾಯುತ್ತಿತ್ತು, ಆದರೆ ಮೂರು ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಲ್ಯಾಬ್ ಪರೀಕ್ಷೆ. ಈ ಲೋಪಕ್ಕೆ ಒಂದು ಅನುಕೂಲ ಇತ್ತು. ಮಾಮೂಲಿ ಬಳಕೆದಾರ ಅಲ್ಲಿಗೆ ಮುಟ್ಟಬೇಕಾದರೆ ಮೊದಲು ಒಂದು ಯೂಸರ್ ನೇಮ್‌ಸ್ಪೇಸ್ (ಅದರೊಳಗೆ ಮಾತ್ರ ತಾನೇ ರೂಟ್ ಅನ್ನಿಸಿಕೊಳ್ಳೋ ಪ್ರತ್ಯೇಕ ಆವರಣ) ಮಾಡಿಕೊಳ್ಳಬೇಕು. ಕರ್ನಲ್ ಸೆಟ್ಟಿಂಗ್ ಬದಲಾಯಿಸೋ ಸಿಸ್‌ಕಂಟ್ರೋಲ್‌ನಲ್ಲಿ ಒಂದು ಸಾಲು ಹಾಕಿ ಅದನ್ನೇ ಬಂದ್ ಮಾಡಿದೆ. ರೀಬೂಟ್ ಬೇಡ, ಕೂಡಲೇ ಜಾರಿ. ಡರ್ಟಿ ಪೈಪ್‌ಗೆ ಇಂಥ ಅಡ್ಡಗಟ್ಟೆ ಹಾಕೋ ದಾರಿ ಇರಲಿಲ್ಲ. ಮೂರನೇ ದಿನ ರಾತ್ರಿ ಪರೀಕ್ಷೆ ಮುಗಿದ ಕೂಡಲೇ ರೀಬೂಟ್ ಮಾಡಿದೆ, ಯುನೇಮ್ ಎರಡು ಸಲ ನೋಡಿದೆ, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದೆ.

ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಪ್ರಾಜೆಕ್ಟ್ ಹುಡುಗರ ಫೋನ್. "ಸರ್, ಪಾಡ್‌ಮ್ಯಾನ್ ಕಂಟೇನರ್ ಒಂದೂ ಏಳ್ತಿಲ್ಲ. ಹೊಸ ಕರ್ನಲ್ ಪ್ರಾಬ್ಲಂ ಇರಬೇಕು ಸರ್, ಹಳೇದಕ್ಕೆ ಹಾಕ್ಕೊಳ್ಳಲಾ?"

"ಮುಟ್ಟಬೇಡಿ, ಬಂದೆ" ಅಂದೆ. ಕರ್ನಲ್ ಸರಿಯಾಗಿಯೇ ಇತ್ತು. ಮಾಮೂಲಿ ಅಕೌಂಟ್‌ನಿಂದ ಕಂಟೇನರ್ ಎಬ್ಬಿಸೋಕೂ ಅದೇ ಯೂಸರ್ ನೇಮ್‌ಸ್ಪೇಸ್ ಬೇಕು. ಅದನ್ನು ಬಂದ್ ಮಾಡಿದ್ದ ಆ ಒಂದು ಸಾಲು ತೆಗೆಯೋದನ್ನು ಮರೆತಿದ್ದೆ.