ಶೆಡ್ಡಿನ ಬಾಗಿಲಿಗೆ ಗಾಜು ಕೂರಿಸೋದು, ಕಟ್ಟಿಗೆಗೆ ಎಣ್ಣೆ ಕುಡಿಸೋದು

ಮೇಲೆ ತಗಡು ಬಿತ್ತು ಅಂದರೆ ಕಾರ್ ಶೆಡ್ ಮುಗೀತು ಅಂತ ನಮ್ಮ ರಾಯಚೂರಿನಲ್ಲಿ ಎಲ್ಲರ ಲೆಕ್ಕ. ನನ್ನದೂ ಅದೇ ಲೆಕ್ಕ ಆಗಿತ್ತು. ಮನೆ ಪಕ್ಕದ ಜಾಗದಲ್ಲಿ ಗೋಡೆ ಎಬ್ಬಿಸಿ, ಬೇವಿನ ಕಟ್ಟಿಗೆಯ ಎರಡು ಕದದ ಬಾಗಿಲು ಮಾಡಿಸಿ, ಬೆಳಕಿಗೆ ಅಂತ ಕದಕ್ಕೊಂದು ಗಾಜು ನಾನೇ ಕೂರಿಸಿದೆ. ಚೌಕಟ್ಟಿನ ಒಳಗೆ ಬಿಗಿಯಾಗಿ, ಕೂದಲೂ ತೂರದ ಹಾಗೆ. ಬಹಳ ಚೆನ್ನಾಗಿ ಕಾಣುತ್ತಿತ್ತು. ಮಿರಗದ ಮಳೆ ಹಿಡಿಯಿತು, ಕಟ್ಟಿಗೆ ಉಬ್ಬಿತು, ಕದ ಸಿಕ್ಕಿಕೊಂಡಿತು. ಭುಜ ಕೊಟ್ಟು ತಳ್ಳಿದೆ ನೋಡಿ, ಟಕ್ ಅಂತ ಮೂಲೆಯಿಂದ ಮೂಲೆಗೆ ಗಾಜು ಸೀಳಿತು.

ತಪ್ಪು ಗಾಜಿನದಲ್ಲ, ನನ್ನದು. ಕಟ್ಟಿಗೆ ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ನಮ್ಮ ಎರೆ ಮಣ್ಣಂತೂ ಕೇಳೋದೇ ಬೇಡ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಉಬ್ಬಿ ಮೇಲಿದ್ದದ್ದನ್ನೆಲ್ಲ ಅಲುಗಾಡಿಸುತ್ತದೆ. ಇಷ್ಟೆಲ್ಲ ಅಲುಗಾಟದ ನಡುವೆ ಗಾಜು ಮಾತ್ರ ಬಗ್ಗೋದಿಲ್ಲ. ಹಾಗಾಗಿ ಅದಕ್ಕೆ ಸುತ್ತಲೂ ಉಸಿರಾಡುವಷ್ಟು ಜಾಗ ಬಿಡಬೇಕು.

ಎಷ್ಟು ಜಾಗ? ಪ್ರತಿ ಬದಿಗೂ ಒಂದು ಸೂತು. ಸೂತು ಅಂದರೆ ಇಂಚಿನ ಎಂಟನೇ ಒಂದು ಪಾಲು, ಹೆಚ್ಚುಕಮ್ಮಿ 3 ಮಿಲಿಮೀಟರ್. ಗಾಜು ಕೂರಲಿಕ್ಕೆ ಕಿಂಡಿಯ ಒಳಸುತ್ತ ಮೆಟ್ಟಿಲಿನ ಹಾಗೆ ಕೊರೆದಿರುತ್ತಾರಲ್ಲ, ಆ ಕೊರೆತದ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ, ಎತ್ತರವನ್ನೂ ಹಾಗೆಯೇ. ಮೂರರಲ್ಲಿ ಚಿಕ್ಕ ಅಳತೆ ಹಿಡಿದು ಅದರಿಂದ ಎರಡು ಸೂತು ಕಳೆಯಿರಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪ್ ಹಿಡಿದು ನೋಡಿ. ಎರಡೂ ಒಂದೇ ಬಂದರೆ ಚೌಕಟ್ಟು ಸರಿಯಾಗಿದೆ, ಇಲ್ಲಾಂದರೆ ಓರೆಯಾಗಿದೆ. ಓರೆ ಇದ್ದರೆ ಅಳತೆ ಬರೆದುಕೊಂಡು ಹೋಗಿ ಉಪಯೋಗ ಇಲ್ಲ, ರಟ್ಟು ಕತ್ತರಿಸಿ ಮಾದರಿ ಮಾಡಿಕೊಂಡು ಅದನ್ನೇ ಗಾಜಿನ ಅಂಗಡಿಗೆ ಒಯ್ಯಿರಿ.

ಎರಡಡಿ ಅಗಲ, ಮೂರಡಿ ಎತ್ತರದ ಕಿಂಡಿಗೆ 5 ಮಿಲಿಮೀಟರ್ ಗಾಜು ಸಾಕು. ಅದೇ ಸುಮಾರು 7 ಕೆಜಿ ತೂಗುತ್ತದೆ, ಹಾಗಾಗಿ ಇನ್ನೂ ದಪ್ಪ ಹಾಕಿಸಿ ಕೀಲುಗಳಿಗೆ ಸುಮ್ನೆ ಭಾರ ಹೊರಿಸಬೇಡಿ. ಮಕ್ಕಳು ಕ್ರಿಕೆಟ್ ಆಡುವ ಓಣಿಯಾದರೆ ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಟಫನ್ಡ್ ಗಾಜೇ ತರಿಸಿ. ಒಡೆದರೂ ಚೂಪು ತುಂಡಾಗದೆ ಸಣ್ಣ ಹರಳಿನ ಹಾಗೆ ಉದುರುತ್ತದೆ. ಒಂದೇ ತೊಂದರೆ, ಕುಲುಮೆಯಿಂದ ಬಂದ ಮೇಲೆ ಅದನ್ನು ಕತ್ತರಿಸಲಿಕ್ಕೂ ಆಗೋದಿಲ್ಲ, ತೂತು ಕೊರೆಯಲಿಕ್ಕೂ ಆಗೋದಿಲ್ಲ. ಅಳತೆ ತಪ್ಪಿದರೆ ದುಡ್ಡು ಹೋಯ್ತು.

ಗಾಜು ಬರುವಷ್ಟರಲ್ಲಿ ಕಟ್ಟಿಗೆ ಕೆಲಸ ಮುಗಿಸಿ. ಜಾಸ್ತಿ ಜನ ಇದನ್ನು ತಿರುವುಮುರುವು ಮಾಡುತ್ತಾರೆ, ಮೊದಲು ಗಾಜು ಕೂರಿಸಿ ಆಮೇಲೆ ಬಣ್ಣ. ಆಗ ಗಾಜು ಕೂರುವ ಒಳಗಿನ ಕೊರೆತ ಏನೂ ಹಚ್ಚದ ಬರೀ ಕಟ್ಟಿಗೆಯಾಗಿಯೇ ಉಳಿಯುತ್ತದೆ, ಗಾಜು ಕೂರಿಸಲಿಕ್ಕೆ ಮೆತ್ತುವ ಪುಟ್ಟಿಯಲ್ಲಿರುವ ಎಣ್ಣೆಯನ್ನೆಲ್ಲ ಅದು ಕುಡಿದುಬಿಡುತ್ತದೆ, ಪುಟ್ಟಿ ಒಣಗಿ ಬಿರಿದು ಒಂದೇ ವರ್ಷದಲ್ಲಿ ಉದುರುತ್ತದೆ. ಕದ ಕಳಚಿ ಸ್ಟೂಲಿನ ಮೇಲೆ ಮಲಗಿಸಿ, 80, 120, 180 ನಂಬರಿನ ಸ್ಯಾಂಡ್ ಪೇಪರಿನಿಂದ ಒಂದಾದ ಮೇಲೊಂದು, ಕಟ್ಟಿಗೆಯ ಎಳೆ ಹೋದ ದಿಕ್ಕಿಗೇ ಉಜ್ಜಿ.

ಹಚ್ಚೋದು ಏನು? ಹೊಳೆಯುವ ಸಾದಾ ವಾರ್ನಿಷ್ ಪಡುವಣ ಬಿಸಿಲಿಗೆ ಮುಖ ಮಾಡಿದ ಬಾಗಿಲಿಗೆ ಬೇಡ. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ, ಮತ್ತೆ ಹಚ್ಚಬೇಕಾದರೆ ಹಳೆಯದನ್ನೆಲ್ಲ ಕೆರೆಯಬೇಕು. ಆಯಿಲ್ ಪೇಂಟ್ ಆಗುತ್ತದೆ. ನನಗೆ ಬೇವಿನ ಬಣ್ಣ ಕಾಣಬೇಕಿತ್ತು, ಅದಕ್ಕೆ ಅಗಸೆ ಎಣ್ಣೆ ಹಚ್ಚಿದೆ. ಹೌದು, ರೊಟ್ಟಿ ಜೊತೆ ತಿನ್ನುವ ಅಗಸಿ ಚಟ್ನಿಯದೇ ಅಗಸೆ. ಆದರೆ ಗಾಣದ ಎಣ್ಣೆ ತಂದು ಹಚ್ಚಬೇಡಿ, ವಾರಗಟ್ಟಲೆ ಅಂಟಂಟು. ಪೇಂಟ್ ಅಂಗಡಿಯಲ್ಲಿ ಬಾಯಿಲ್ಡ್ ಲಿನ್ಸೀಡ್ ಅಂತ ಕೇಳಿ, ಬೇಗ ಒಣಗಲಿಕ್ಕೆ ಅದರಲ್ಲಿ ಔಷಧಿ ಬೆರೆಸಿರುತ್ತಾರೆ. ಅದನ್ನು ಅಡುಗೆಮನೆ ಹತ್ತಿರವೂ ಇಡಬೇಡಿ. ಮೊದಲ ಸಲ ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ ಹಚ್ಚಿ, ಕಾಲು ಗಂಟೆ ಬಿಟ್ಟು ಮೇಲೆ ನಿಂತ ಎಣ್ಣೆ ಒರೆಸಿ. ಪೂರ್ತಿ ಒಣಗಿದ ಮೇಲೆ ಇನ್ನೆರಡು ಸಲ. ಬೆಳಿಗ್ಗೆ ಹತ್ತರ ಒಳಗೇ ಮುಗಿಸಿ, ಮಧ್ಯಾಹ್ನ ಗಾಳಿ ಎದ್ದರೆ ಓಣಿಯ ಧೂಳೆಲ್ಲ ಹಸಿ ಎಣ್ಣೆ ಮೇಲೆ ಕೂರುತ್ತದೆ.

ಕದದ ತಳದ ಅಂಚು ಮಾತ್ರ ಮರೆಯಬೇಡಿ. ನೀರು ಕುಡಿಯೋದೇ ಅಲ್ಲಿ, ಕಣ್ಣಿಗೆ ಬೀಳದ ಜಾಗ ಅಂತ ಪೇಂಟರ್‌ಗಳೂ ಬಿಟ್ಟುಬಿಡುತ್ತಾರೆ. ಅದಕ್ಕೆ ಒಂದು ಸಲ ಜಾಸ್ತಿಯೇ ಕುಡಿಸಿ. ಚೌಕಟ್ಟಿನ ಕಾಲು ಮಣ್ಣಿಗೆ ತಾಗುವಂತಿದ್ದರೆ ಕೆಳಗೊಂದು ಶಹಾಬಾದ್ ಕಲ್ಲಿನ ತುಂಡು ಇಡಿ, ಗೆದ್ದಲಿಗೆ ಸೀದಾ ದಾರಿ ಸಿಗೋದಿಲ್ಲ.

ಇನ್ನು ಒರೆಸಿದ ಬಟ್ಟೆ. ಇದನ್ನು ದಯವಿಟ್ಟು ಎರಡು ಸಲ ಓದಿ. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗೋದಿಲ್ಲ, ಗಾಳಿಯಲ್ಲಿರುವ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಬಟ್ಟೆ ಹರಡಿದ್ದರೆ ಆ ಬಿಸಿ ಹಾರಿಹೋಗುತ್ತದೆ, ಮುದ್ದೆ ಮಾಡಿ ಮೂಲೆಗೆ ಎಸೆದಿದ್ದರೆ ಒಳಗೇ ಏರುತ್ತಾ ಹೋಗಿ ಕಡ್ಡಿ ಗೀರದೆಯೇ ತಾನಾಗಿ ಬೆಂಕಿ ಹತ್ತಬಹುದು. ಅದೂ ಪೆಟ್ರೋಲ್ ತುಂಬಿದ ಗಾಡಿ ನಿಲ್ಲುವ ಶೆಡ್ಡಿನಲ್ಲಿ! ಕೆಲಸ ಮುಗಿದ ತಕ್ಷಣ ಬಟ್ಟೆಯನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಿ, ಇಲ್ಲವೇ ಬಯಲಲ್ಲಿ ಒಂದೊಂದಾಗಿ ಬಿಡಿಸಿ ಹರಡಿ.

ಈಗ ಗಾಜು. ಪುಟ್ಟಿಯನ್ನು ರೊಟ್ಟಿ ಹಿಟ್ಟಿನ ಹಾಗೆ ಕೈಯಲ್ಲಿ ನಾದಿ, ಕೊರೆತದ ಸುತ್ತಲೂ ತೆಳ್ಳಗೆ ಮೆತ್ತಿ. ಕೆಳ ಅಂಚಿನಲ್ಲಿ ಎರಡೂ ಮೂಲೆಗಳಿಂದ ಕಾಲು ಭಾಗ ಒಳಗೆ ಒಂದೊಂದು ರಬ್ಬರ್ ತುಂಡು ಇಡಿ, ಗಾಜಿನ ಭಾರ ಕಟ್ಟಿಗೆ ಮೇಲಲ್ಲ, ಅದರ ಮೇಲೆ ಬೀಳಬೇಕು. ಗಾಜನ್ನು ಇಳಿಸಿ ಅಂಚುಗಳನ್ನು ಮಾತ್ರ ಮೆಲ್ಲಗೆ ಒತ್ತಿ, ನಡುವೆ ಕೈ ಹಾಕಬೇಡಿ. ಪುಟ್ಟಿ 2 ಮಿಲಿಮೀಟರಿನಷ್ಟು ಉಳಿದರೆ ಸರಿ. ಮೇಲಿಂದ ಬೀಡಿಂಗ್, ಅಂದರೆ ಗಾಜನ್ನು ಹಿಡಿದಿಡುವ ಸಣ್ಣ ಕಟ್ಟಿಗೆ ಪಟ್ಟಿ. ಬೇವು ಗಟ್ಟಿ ಜಾತಿ, ಸಣ್ಣ ಪಟ್ಟಿ ಮೊಳೆಗೆ ಸೀಳುತ್ತದೆ, ಮೊದಲು ಸಣ್ಣ ಬಿಟ್‌ನಿಂದ ತೂತು ಕೊರೆದುಕೊಳ್ಳಿ. ಮೊಳೆ ಹೊಡೆಯುವಾಗ ಗಾಜಿನ ಮೇಲೆ ರಟ್ಟು ಹಾಸಿ, ಸುತ್ತಿಗೆಯನ್ನು ಎತ್ತದೆ ರಟ್ಟಿನ ಮೇಲೇ ಜಾರಿಸುತ್ತಾ ತಟ್ಟಿ. ಅವಸರ ಇದ್ದವರು ಸಿಲಿಕಾನ್ ಹಾಕುತ್ತಾರೆ, ತಪ್ಪೇನಿಲ್ಲ, ಆದರೆ ಅದರ ಮೇಲೆ ಬಣ್ಣ ಹಿಡಿಯೋದಿಲ್ಲ.

ಸಾದಾ ಗಾಜಿಗೆ ಬಿಸಿಲು ತಡೆಯಲಿ ಅಂತ ಕಪ್ಪು ಕಾಗದ ಅಂಟಿಸಬೇಡಿ. ನಡುಭಾಗ ಕಾದು, ಚೌಕಟ್ಟಿನೊಳಗಿನ ಅಂಚು ತಣ್ಣಗಿದ್ದರೆ ಅಂಚಿನಿಂದಲೇ ಬಿರುಕು ಬಿಡಬಹುದು.

ಕದವನ್ನು ವಾಪಸ್ ಕೀಲುಗಳಿಗೆ ಜೋಡಿಸಿ, ಚೌಕಟ್ಟಿಗೂ ಅದಕ್ಕೂ ಒಂದು ಸೂತು ಸಂದು ಇದೆಯಾ ನೋಡಿ. ಪುಟ್ಟಿ ಬಲಿಯಲಿಕ್ಕೆ ಒಂದು ವಾರವಾದರೂ ಬೇಕು. ಅಲ್ಲಿಯವರೆಗೆ ಕದ ಧಡಾರ್ ಅಂತ ಬಡಿಯದ ಹಾಗೆ ಗೋಡೆಗೊಂದು ಕೊಕ್ಕೆ ಜಡಿದು ತೆರೆದೇ ಇಡಿ. ಕಾರು ಆ ವಾರ ಬೇವಿನ ಮರದ ಕೆಳಗೇ ನಿಲ್ಲಲಿ.