ಊರಮನೆಗೊಂದು ಡಿಷ್: ತಿಂಗಳ ರೀಚಾರ್ಜ್ ಇಲ್ಲದೆ ಟಿವಿ ನೋಡುವುದು ಹೇಗೆ?

ಸಾಗರದ ಹತ್ತಿರ ನಮ್ಮದೊಂದು ಹಂಚಿನ ಮನೆ ಇದೆ. ವರ್ಷಕ್ಕೆ ಹೆಚ್ಚೆಂದರೆ ನಲವತ್ತು ದಿನ ಅಲ್ಲಿರುತ್ತೇವೆ. ದೀಪಾವಳಿಗೆ ಒಂದು ವಾರ, ಅಡಿಕೆ ಕೊಯ್ಲಿಗೆ ಹತ್ತು ದಿನ, ಮಕ್ಕಳ ಬೇಸಿಗೆ ರಜೆಗೆ ಇನ್ನೊಂದಿಷ್ಟು ದಿನ. ಉಳಿದಂತೆ ಮನೆಗೆ ಬೀಗ. ಎರಡು ವರ್ಷ ಅಲ್ಲಿಗೂ ಒಂದು ಖಾಸಗಿ ಡಿಟಿಎಚ್ ಸಂಪರ್ಕ ಇಟ್ಟಿದ್ದೆವು. ಹೋದಾಗಲೆಲ್ಲ ರೀಚಾರ್ಜ್ ಮುಗಿದಿರುತ್ತಿತ್ತು. ಇಡೀ ತಿಂಗಳಿಗೆ ದುಡ್ಡು ಹಾಕುವುದು, ನಾಲ್ಕು ದಿನ ನೋಡುವುದು, ಬೀಗ ಹಾಕಿ ಬರುವುದು. ಸುಮ್ನೆ ಖರ್ಚು ಅಲ್ವಾ?

ಇದೇ ಸ್ಥಿತಿಯಲ್ಲಿ ಇರುವವರು ಬಹಳ ಜನ. ಕೊಡಗಿನಲ್ಲಿ ತೋಟದ ಮನೆ, ಕಲಬುರಗಿ ಕಡೆ ತಂದೆ ಕಾಲದ ಮನೆ, ಜಾತ್ರೆಗಷ್ಟೇ ಬಾಗಿಲು ತೆರೆಯುವ ಮನೆ. ಇಂಥ ಕಡೆ ಎರಡನೇ ಸಂಪರ್ಕ ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ದೂರದರ್ಶನದ ಡಿಡಿ ಫ್ರೀ ಡಿಷ್ ಸಾಕು. ಅದನ್ನು ನೀವೇ ಕೂರಿಸಬಹುದು.

ಸಿಟಿಯ ಬಾಕ್ಸನ್ನೇ ಒಯ್ದರೆ ಆಗದೇ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾವೂ ಒಮ್ಮೆ ಬಾಕ್ಸನ್ನು ಬಟ್ಟೆಯಲ್ಲಿ ಸುತ್ತಿ ಒಯ್ದೆವು. ಊರಲ್ಲಿದ್ದ ಡಿಷ್‌ಗೆ ಜೋಡಿಸಿದರೆ ಸಿಗ್ನಲ್ಲೇ ಇಲ್ಲ. ಎರಡು ಸಂಪರ್ಕವೂ ಬೇರೆ ಬೇರೆ ಕಂಪನಿಯವು, ಅವುಗಳ ಉಪಗ್ರಹವೂ ಬೇರೆ ಬೇರೆ. ಟಾಟಾ ಪ್ಲೇ ಉಪಗ್ರಹಗಳು 83 ಡಿಗ್ರಿ ಪೂರ್ವ ರೇಖಾಂಶದಲ್ಲಿವೆ, ಡಿ2ಎಚ್ 88ರಲ್ಲಿ, ಡಿಷ್ ಟಿವಿ 95ರಲ್ಲಿ, ಏರ್‌ಟೆಲ್ 108.2ರಲ್ಲಿ. ಡಿಷ್ ಯಾವುದಕ್ಕೆ ಮುಖ ಮಾಡಿದೆಯೋ ಆ ಕಂಪನಿಯ ಬಾಕ್ಸ್‌ಗೆ ಮಾತ್ರ ಸಿಗ್ನಲ್ ಸಿಗುತ್ತದೆ.

ಒಂದೇ ಕಂಪನಿಯ ಡಿಷ್ ಎರಡೂ ಕಡೆ ಇದ್ದರೆ ಬಾಕ್ಸ್ ಕೆಲಸ ಮಾಡಬಹುದು. ಆದರೆ ಸಂಪರ್ಕ ಕೊಟ್ಟಿರುವುದು ಒಂದು ವಿಳಾಸಕ್ಕೆ. ಬಾಕ್ಸನ್ನು ಬೇರೆ ಕಡೆ ಒಯ್ಯುವ ಮೊದಲು ಕಂಪನಿಯನ್ನು ಕೇಳಿ. ಜೊತೆಗೆ, ಬಾಕ್ಸ್ ಊರಿಗೆ ಹೋದರೆ ಸಿಟಿಯಲ್ಲಿ ಉಳಿದವರಿಗೆ ಟಿವಿ ಇಲ್ಲ. ಊರಲ್ಲಿ ನೆಟ್‌ವರ್ಕ್ ಚೆನ್ನಾಗಿದ್ದರೆ ಫೋನಿನ ಆ್ಯಪ್ ಒಂದು ದಾರಿ. ನಮ್ಮ ಮನೆಯಲ್ಲಿ ಕರೆ ಮಾಡಬೇಕೆಂದರೂ ಗದ್ದೆ ಏರಿಗೆ ಹೋಗಬೇಕು. ಹಾಗಾಗಿ ಆ ಮಾತು ಅಲ್ಲಿಗೇ ನಿಂತಿತು.

ಫ್ರೀ ಡಿಷ್‌ನಲ್ಲಿ ಏನಿದೆ, ಏನಿಲ್ಲ

2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಇದು ಶುರುವಾಯಿತು. ಪ್ರಸಾರ ಭಾರತಿ ನಡೆಸುತ್ತದೆ. ತಿಂಗಳ ಶುಲ್ಕ ಇಲ್ಲ, ರೀಚಾರ್ಜ್ ಇಲ್ಲ. ಮೊದಲ ಸಲ ಡಿಷ್, ಬಾಕ್ಸ್, ಕೇಬಲ್‌ಗೆ ಸೇರಿ ಸುಮಾರು 2,000 ರೂಪಾಯಿ ಖರ್ಚು, ಅಷ್ಟೇ. ಮುಂದೆ ಯಾರಾದರೂ ಫೋನ್ ಮಾಡಿ ಫ್ರೀ ಡಿಷ್ ರೀಚಾರ್ಜ್ ಮಾಡಿಸಿ ಎಂದರೆ ಒಂದು ಪೈಸೆಯನ್ನೂ ಕೊಡಬೇಡಿ.

ಕನ್ನಡಕ್ಕೆ ಇಲ್ಲಿ ಖಾತ್ರಿಯಾಗಿ ಸಿಗುವುದು ಡಿಡಿ ಚಂದನ. ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಜಾಗ ಪಡೆದು ಬರುತ್ತವೆ. ಆ ಪಟ್ಟಿ ಬದಲಾಗುತ್ತಿರುತ್ತದೆ, ಅದರಲ್ಲಿ ಹಿಂದಿಯೇ ಜಾಸ್ತಿ. ಮನೆಯಲ್ಲಿ ಯಾರಾದರೂ ಒಂದು ದಿನವೂ ತಪ್ಪದೆ ಕನ್ನಡ ಧಾರಾವಾಹಿ ನೋಡುವವರಿದ್ದರೆ ಈ ಮಾತನ್ನು ಅವರಿಗೆ ಮೊದಲೇ ಹೇಳಿ. ಡಿಷ್ ಕೂರಿಸಿದ ಮೇಲೆ ಹೇಳಿದರೆ ಬೇಜಾರು.

ಕ್ರಿಕೆಟ್ ವಿಷಯದಲ್ಲಿ ಮಾತ್ರ ಸಂತೋಷದ ಸುದ್ದಿ. ರಾಷ್ಟ್ರೀಯ ಮಹತ್ವದ ಪಂದ್ಯಗಳನ್ನು ಖಾಸಗಿ ಚಾನೆಲ್‌ಗಳು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು ಎಂಬ ಕಾನೂನು 2007ರಲ್ಲಿ ಬಂದಿದೆ. ಹೀಗೆ ಹಂಚಿಕೊಂಡ ಪಂದ್ಯ ಫ್ರೀ ಡಿಷ್‌ನಲ್ಲಿ ಸಿಗುತ್ತದೆ. ಆಕಾಶವಾಣಿಯ ಹತ್ತಾರು ನಿಲಯಗಳೂ ಇದೇ ಬಾಕ್ಸ್‌ನಲ್ಲಿ ಬರುತ್ತವೆ. ಬೆಳಿಗ್ಗೆ ಕಾಫಿ ಹೊತ್ತಿಗೆ ನಮ್ಮಲ್ಲಿ ಟಿವಿಯಿಂದ ಕೇಳುವುದು ರೇಡಿಯೋನೇ.

ಅಂಗಡಿಯಲ್ಲಿ ಏನು ಕೇಳಬೇಕು

ಎಂಪೆಗ್-4 ಇರುವ ಫ್ರೀ ಡಿಷ್ ಬಾಕ್ಸ್ ಕೊಡಿ ಎನ್ನಿ. ಎಂಪೆಗ್ ಎಂದರೆ ಚಿತ್ರವನ್ನು ಕುಗ್ಗಿಸಿ ಕಳಿಸುವ ವಿಧಾನ. ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಕೆಲವು ಚಾನೆಲ್ ಬರುವುದಿಲ್ಲ. ನಿಮ್ಮ ಟಿವಿ ಈಚಿನದಾದರೆ ಒಮ್ಮೆ ಅದರ ಹಿಂಭಾಗ ನೋಡಿ. ಸ್ಯಾಟಲೈಟ್ ಎಂದು ಬರೆದ, ತಿರುಪು ಹಾಕುವ ಸಾಕೆಟ್ ಇದ್ದರೆ ಬಾಕ್ಸೇ ಬೇಕಾಗುವುದಿಲ್ಲ. ಡಿಷ್‌ನ ಕೇಬಲ್ಲನ್ನು ನೇರ ಅಲ್ಲಿಗೇ ಹಾಕಬಹುದು.

ಡಿಷ್ 60 ಸೆಂಟಿಮೀಟರ್ ಅಗಲದ್ದು ಸಾಕು ಎನ್ನುತ್ತಾರೆ. ಬಯಲುಸೀಮೆಗೆ ಸಾಕು. ಮಲೆನಾಡು, ಕರಾವಳಿ, ಕೊಡಗಿನವರು 75 ಅಥವಾ 90 ಸೆಂಟಿಮೀಟರ್‌ದು ತೆಗೆದುಕೊಳ್ಳಿ. ಇದು ಕು ಬ್ಯಾಂಡ್ ಸಿಗ್ನಲ್, ಜೋರು ಮಳೆಯಲ್ಲಿ ಸೊರಗುತ್ತದೆ. ಡಿಷ್ ದೊಡ್ಡದಾದಷ್ಟೂ ಮಳೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಚಿತ್ರ ನಿಲ್ಲುತ್ತದೆ. ಆಷಾಢದ ಜಡಿಮಳೆಗೆ ಯಾವ ಡಿಷ್ ಆದರೂ ಒಮ್ಮೊಮ್ಮೆ ಸೋಲಲೇಬೇಕು.

ಕೇಬಲ್ ಆರ್‌ಜಿ-6 ಇರಲಿ. ಡಿಷ್‌ನ ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಯೂನಿವರ್ಸಲ್ ಆಗಿರಲಿ, ಅದರ ಮೇಲೆ 9750/10600 ಎಂದು ಬರೆದಿರುತ್ತದೆ. ಕರೆಂಟ್ ಕೈಕೊಡುವ ಊರಾದರೆ 12 ವೋಲ್ಟ್ ಅಡಾಪ್ಟರ್‌ನ ಬಾಕ್ಸ್ ಹುಡುಕಿ, ಬ್ಯಾಟರಿಯಿಂದಲೂ ನಡೆಸಬಹುದು.

ಮೊದಲು ಆಕಾಶ ನೋಡಿ

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ತೂತು ಕೊರೆಯುವ ಮೊದಲು ಅರ್ಧ ಗಂಟೆ ಅಂಗಳದಲ್ಲಿ ನಿಂತು ಮೇಲೆ ನೋಡಿ.

ಫ್ರೀ ಡಿಷ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಅದನ್ನು ಹಾರಿಸಿದರು. ಸಮಭಾಜಕದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭೂಮಿಯ ಜೊತೆಗೇ ಸುತ್ತುವುದರಿಂದ ನಮ್ಮ ಕಣ್ಣಿಗೆ ಒಂದೇ ಜಾಗದಲ್ಲಿ ನಿಂತ ಹಾಗೆ.

ಕರ್ನಾಟಕದಿಂದ ನೋಡಿದರೆ ಆ ಜಾಗ ಆಗ್ನೇಯದ ಕಡೆ, ಸಾಕಷ್ಟು ಮೇಲೆ. ವಾಸ್ತು ನೋಡಿ ಕಟ್ಟಿದ ಮನೆಯಾದರೆ ಅಡುಗೆಮನೆಯ ಮೂಲೆ ಯಾವ ಕಡೆ ಇದೆಯೋ ಆ ಕಡೆ ಎಂದುಕೊಳ್ಳಿ. ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. ಸಾಗರದಲ್ಲಿ ದಿಕ್ಸೂಚಿಯ 126 ಡಿಗ್ರಿ, ನೆಲದಿಂದ ಮೇಲಕ್ಕೆ 63 ಡಿಗ್ರಿ. ಬೆಂಗಳೂರಿನಲ್ಲಿ 128 ಮತ್ತು 66. ಮಡಿಕೇರಿಯಲ್ಲಿ 124 ಮತ್ತು 65. ಕಲಬುರಗಿಯಲ್ಲಿ 135 ಮತ್ತು 62. ದಿಕ್ಸೂಚಿಯಲ್ಲಿ ಉತ್ತರ ಸೊನ್ನೆ, ಪೂರ್ವ 90, ದಕ್ಷಿಣ 180. ಫೋನಿನ ದಿಕ್ಸೂಚಿ ಸಾಕು. ಆದರೆ ತಗಡಿನ ಶೀಟ್, ಕಬ್ಬಿಣದ ಕಂಬದ ಹತ್ತಿರ ಅದು ತಪ್ಪು ತೋರಿಸುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ನೋಡಿ.

ಇನ್ನು ಮರಗಳು. ತೋಟದ ಮನೆ ಎಂದ ಮೇಲೆ ಅಡಿಕೆ, ತೆಂಗು, ಹಲಸು ಇದ್ದೇ ಇರುತ್ತವೆ. ಉಪಗ್ರಹ ಇಷ್ಟು ಮೇಲಿರುವುದು ನಮ್ಮ ಪುಣ್ಯ. ಒಂದು ಸುಲಭ ಲೆಕ್ಕ ಹೇಳುತ್ತೇನೆ. ಮರ ಡಿಷ್‌ಗಿಂತ ಎಷ್ಟು ಎತ್ತರ ಇದೆಯೋ ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರದಲ್ಲಿದ್ದರೆ ಅಡ್ಡಿಯಿಲ್ಲ. ಡಿಷ್‌ಗಿಂತ 30 ಅಡಿ ಎತ್ತರದ ಅಡಿಕೆ ಮರ 18 ಅಡಿ ದೂರದಲ್ಲಿದ್ದರೆ ಸಾಕು. ತೆಂಗಿನ ಗರಿ ಹರಡಿಕೊಳ್ಳುತ್ತದೆ, ಅದಕ್ಕೆ ಇನ್ನಷ್ಟು ಜಾಗ ಬಿಡಿ. ಒಂದೇ ಒಂದು ಗರಿ ಅಡ್ಡ ಬಂದರೂ ಗಾಳಿ ಬೀಸಿದಾಗಲೆಲ್ಲ ಚಿತ್ರ ಚೂರುಚೂರಾಗುತ್ತದೆ.

ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ. ಮಾರ್ಚ್ ಮಧ್ಯದಲ್ಲಿ ಬೆಳಿಗ್ಗೆ ಸುಮಾರು ಹನ್ನೊಂದೂಕಾಲಕ್ಕೆ, ಸೆಪ್ಟೆಂಬರ್ ಕೊನೆಯಲ್ಲಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗ, ಸೂರ್ಯ ಹೆಚ್ಚು ಕಡಿಮೆ ಇದೇ ಉಪಗ್ರಹದ ಜಾಗಕ್ಕೆ ಬರುತ್ತಾನೆ. ಆ ಹೊತ್ತಿಗೆ ನೀವು ಡಿಷ್ ಇಡಬೇಕೆಂದಿರುವ ಜಾಗದಲ್ಲಿ ಬಿಸಿಲು ಬಿದ್ದಿದ್ದರೆ ಸಿಗ್ನಲ್ ಕೂಡ ಬೀಳುತ್ತದೆ. ನೆರಳಿದ್ದರೆ ಜಾಗ ಬದಲಿಸಿ. ಯಾವ ಮೀಟರೂ ಬೇಡ. ಡಿಷ್ ಕೂರಿಸಿದ ಮೇಲೆ ಅದೇ ದಿನಗಳಲ್ಲಿ ಅದೇ ಹೊತ್ತಿಗೆ ಕೆಲವು ನಿಮಿಷ ಚಿತ್ರ ಕೆಟ್ಟರೆ ಗಾಬರಿ ಬೇಡ. ಸೂರ್ಯ ಉಪಗ್ರಹದ ಹಿಂದೆ ಹಾಯುತ್ತಿರುತ್ತಾನೆ, ತಾನಾಗಿಯೇ ಸರಿಹೋಗುತ್ತದೆ.

ಕಂಬ ನೆಟ್ಟಗಿರಲಿ

ಹಂಚಿನ ಮಾಡಿಗೆ ಡಿಷ್ ಕಟ್ಟಬೇಡಿ. ಹಂಚು ಒಡೆಯುತ್ತದೆ, ಗಾಳಿಗೆ ಅಲುಗುತ್ತದೆ. ಗಟ್ಟಿ ಗೋಡೆ ಅಥವಾ ಅಂಗಳದಲ್ಲಿ ಕಾಂಕ್ರೀಟ್ ಹಾಕಿ ನಿಲ್ಲಿಸಿದ ಪೈಪ್ ಒಳ್ಳೆಯದು. ಕೈಗೆಟುಕುವ ಎತ್ತರದಲ್ಲಿದ್ದರೆ ಮುಂದೆ ಸರಿಮಾಡುವುದೂ ಸುಲಭ. ಮಂಗಗಳು ಜೋತು ಬೀಳುವ ಊರಾದರೆ ಮರದ ಕೊಂಬೆಯಿಂದ ದೂರ ಇಡಿ. ನಮ್ಮ ಮೊದಲ ಡಿಷ್ ಮುಖ ತಿರುಗಿಸಿಕೊಂಡಿದ್ದು ಮಂಗನಿಂದಲೇ.

ಗಾರೆ ಕೆಲಸದವರ ರಸಮಟ್ಟ ಅಥವಾ ತೂಗುಗುಂಡು ಇಟ್ಟು ಪೈಪ್ ನೆಟ್ಟಗಿದೆಯೇ ನೋಡಿ. ಎರಡು ಬದಿಯಿಂದ ನೋಡಿ. ಪೈಪ್ ವಾಲಿದ್ದರೆ ಮುಂದಿನ ಯಾವ ಡಿಗ್ರಿಯೂ ಸರಿಬರುವುದಿಲ್ಲ.

ಗುರಿ ಹಿಡಿಯುವುದು

ಇದು ಇಬ್ಬರ ಕೆಲಸ. ಒಬ್ಬರು ಡಿಷ್ ಹತ್ತಿರ, ಇನ್ನೊಬ್ಬರು ಟಿವಿ ಮುಂದೆ. ಚಿಕ್ಕ ಟಿವಿ ಇದ್ದರೆ ಅಂಗಳಕ್ಕೇ ತಂದುಬಿಡಿ, ಕೂಗಾಡುವುದು ತಪ್ಪುತ್ತದೆ.

ಬಾಕ್ಸ್‌ನ ಆಂಟೆನಾ ಸೆಟಪ್‌ಗೆ ಹೋಗಿ. ಉಪಗ್ರಹ ಜಿಸ್ಯಾಟ್-15, ಎಲ್‌ಎನ್‌ಬಿ ಯೂನಿವರ್ಸಲ್, ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500. ಪರದೆಯಲ್ಲಿ ಎರಡು ಪಟ್ಟಿ ಕಾಣುತ್ತವೆ. ಸ್ಟ್ರೆಂತ್ ಎನ್ನುವುದು ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಏರಿಬಿಡುತ್ತದೆ. ಅದನ್ನು ನಂಬಬೇಡಿ. ನೀವು ನೋಡಬೇಕಾದ್ದು ಕ್ವಾಲಿಟಿ.

ಮೊದಲು ಮೇಲಕ್ಕೆ ಎತ್ತುವ ಕೋನ. ಬ್ರಾಕೆಟ್ ಬದಿಯಲ್ಲಿ ಡಿಗ್ರಿ ಗೆರೆಗಳಿರುತ್ತವೆ. ನಿಮ್ಮ ಊರಿನ ಅಂಕಿಗೆ ಇಟ್ಟು ಬೋಲ್ಟನ್ನು ಅರ್ಧ ಬಿಗಿ ಮಾಡಿ. ಈಗ ಡಿಷ್ ನೋಡಿದರೆ 63 ಡಿಗ್ರಿ ಮೇಲೆ ನೋಡುತ್ತಿರುವಂತೆ ಕಾಣುವುದೇ ಇಲ್ಲ, ನಲವತ್ತರ ಹಾಗೆ ಕಾಣುತ್ತದೆ. ತಪ್ಪಲ್ಲ. ಈ ಡಿಷ್‌ಗಳಲ್ಲಿ ತೋಳು ಕೆಳಗಡೆ ಇರುವುದರಿಂದ ಸಿಗ್ನಲ್ ಬರುವ ದಾರಿ ಡಿಷ್‌ನ ಮುಖಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿರುತ್ತದೆ. ಬಹಳ ಜನ ಇಲ್ಲೇ ಎಡವುತ್ತಾರೆ. ಕಣ್ಣಂದಾಜಿನಲ್ಲಿ ಡಿಷ್ಷನ್ನು ಇನ್ನೂ ಮೇಲಕ್ಕೆತ್ತಿ ದಿನವಿಡೀ ಹುಡುಕುತ್ತಾರೆ.

ಆಮೇಲೆ ಎಡಬಲ. ಪೂರ್ವದಿಂದ ಶುರುಮಾಡಿ ದಕ್ಷಿಣದ ಕಡೆ ನಿಧಾನವಾಗಿ ತಿರುಗಿಸಿ. ಒಂದು ಬೆರಳಿನ ಅರ್ಧದಷ್ಟು ತಿರುಗಿಸಿ, ಮೂರು ಸೆಕೆಂಡ್ ಕಾಯಿರಿ. ಸಿಗ್ನಲ್ ಹಿಡಿದುಕೊಳ್ಳಲು ಬಾಕ್ಸ್‌ಗೆ ಅಷ್ಟು ಹೊತ್ತು ಬೇಕು. ಅವಸರ ಮಾಡಿದರೆ ಸರಿಯಾದ ಜಾಗ ದಾಟಿಹೋಗಿರುತ್ತೀರಿ. ಏನೂ ಸಿಗದಿದ್ದರೆ ಕೋನವನ್ನು ಒಂದು ಡಿಗ್ರಿ ಬದಲಿಸಿ ಮತ್ತೆ ಮೊದಲಿನಿಂದ.

ಕ್ವಾಲಿಟಿ ಏರಿದ ಜಾಗದಲ್ಲಿ ನಿಲ್ಲಿಸಿ, ಈಗ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಸ್ವಲ್ಪ ಸ್ವಲ್ಪ ತಿರುಚಿ. ನಮ್ಮ ಕಡೆ ಅದು ನೆಟ್ಟಗೆ ಕೂರುವುದಿಲ್ಲ, ಚೆನ್ನಾಗಿಯೇ ಓರೆಯಾಗಬೇಕು. ಉಪಗ್ರಹ ನಮಗೆ ನೇರ ದಕ್ಷಿಣದಲ್ಲಿಲ್ಲ, ಪೂರ್ವಕ್ಕೆ ಸರಿದಿದೆ, ಅದಕ್ಕೇ ಈ ಓರೆ. ಕ್ವಾಲಿಟಿ ಅತಿ ಹೆಚ್ಚು ಎಲ್ಲಿ ಬರುತ್ತದೋ ಅಲ್ಲೇ ಬಿಗಿ ಮಾಡಿ. ಎಲ್ಲ ಬೋಲ್ಟುಗಳನ್ನೂ ಒಂದೊಂದೇ ಸುತ್ತು ಸರದಿಯಲ್ಲಿ ಬಿಗಿಸಿ, ಒಂದನ್ನೇ ಪೂರ್ತಿ ಬಿಗಿಸಿದರೆ ಡಿಷ್ ಸರಿದುಬಿಡುತ್ತದೆ. ನಂತರ ಚಾನೆಲ್ ಹುಡುಕಿಸಿ. ಬಂದವೆಲ್ಲ ಬೀಗ ಹಾಕಿದ ಚಾನೆಲ್‌ಗಳಾದರೆ ಪಕ್ಕದ ಉಪಗ್ರಹ ಹಿಡಿದಿದ್ದೀರಿ. ಡಿಷ್ ಟಿವಿಯ 95 ಡಿಗ್ರಿ ಬರೀ ಒಂದೂವರೆ ಡಿಗ್ರಿ ಆಚೆಗಿದೆ. ತುಸುವೇ ದಕ್ಷಿಣಕ್ಕೆ ಸರಿಸಿ.

ಬೀಗ ಹಾಕಿ ಹೊರಡುವಾಗ

ಕೇಬಲ್ ಮನೆಯೊಳಗೆ ಬರುವ ಮುಂಚೆ ಒಂದು ಗೇಣು ಕೆಳಗೆ ಜೋತುಬಿಟ್ಟು ಮತ್ತೆ ಮೇಲೆ ಬರಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಗೋಡೆಗೆ ಇಳಿಯುವುದಿಲ್ಲ. ಎಲ್‌ಎನ್‌ಬಿ ಜೋಡಣೆಗೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಿ. ಪೈಪ್ ಮೇಲೆ ಡಿಷ್ ಕೂತ ಜಾಗಕ್ಕೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಮಂಗವೋ ಗಾಳಿಯೋ ತಿರುಗಿಸಿದ್ದರೆ ಗೆರೆಗೆ ಗೆರೆ ಕೂಡಿಸಿದರೆ ಮುಗಿಯಿತು.

ಹೊರಡುವ ದಿನ ಬಾಕ್ಸ್‌ನ ಪ್ಲಗ್ ಮಾತ್ರವಲ್ಲ, ಡಿಷ್‌ನಿಂದ ಬಂದ ಕೇಬಲ್ಲನ್ನೂ ಬಿಚ್ಚಿ ಗೋಡೆಯಿಂದ ದೂರ ಇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಆ ತಂತಿ ಹಿಡಿದು ಟಿವಿವರೆಗೂ ಬರಬಹುದು. ಬಾಕ್ಸ್, ರಿಮೋಟ್ ಎರಡನ್ನೂ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ರಿಮೋಟ್‌ನ ಸೆಲ್ ತೆಗೆದಿಡಿ.

ಮತ್ತೆ ಹೋದಾಗ ಮೊದಲು ಒಮ್ಮೆ ಚಾನೆಲ್ ಹುಡುಕಿಸಿ. ಹರಾಜಿನ ನಂತರ, ಅದರಲ್ಲೂ ಏಪ್ರಿಲ್ ಹೊತ್ತಿಗೆ, ಕೆಲವು ಚಾನೆಲ್ ಹೋಗಿ ಬೇರೆ ಬಂದಿರುತ್ತವೆ. ನಾವು ಕಳೆದ ದೀಪಾವಳಿಗೆ ಹೋದಾಗ ಬಾಗಿಲು ತೆಗೆದು, ಕಸ ಗುಡಿಸಿ, ಕೇಬಲ್ ತಿರುಪಿ ಸ್ವಿಚ್ ಹಾಕಿದೆವು. ಒಲೆಯ ಮೇಲೆ ಹಾಲು ಉಕ್ಕುವಷ್ಟರಲ್ಲಿ ಚಂದನ ಬಂದಿತ್ತು.