ಲೆವೆಲ್ ಎಡಿಟರ್‌ನಲ್ಲಿ ಸ್ಟಿಕ್ ಮಾತು ಕೇಳದಿದ್ದರೆ

ಆಟದಲ್ಲಿ ಸರಿಯಾಗಿದ್ದ ಕಂಟ್ರೋಲರ್‌ನ ಅನಲಾಗ್ ಸ್ಟಿಕ್, ಆಟದ ಹಂತಗಳನ್ನು ಕಟ್ಟುವ ಲೆವೆಲ್ ಎಡಿಟರ್ ತೆರೆದ ಕೂಡಲೇ ಕೆಟ್ಟಂತೆ ಕಾಣುತ್ತದೆ. ಆಡುವಾಗ ಹೆಬ್ಬೆರಳು ಸ್ಟಿಕ್ ಮೇಲೇ ಇರುತ್ತದೆ, ಸಣ್ಣಪುಟ್ಟ ಎಳೆತವನ್ನು ಕೈಯೇ ಸರಿಮಾಡಿಕೊಳ್ಳುತ್ತದೆ. ಎಡಿಟರ್‌ನಲ್ಲಿ ಒಂದು ಮರ ನೆಟ್ಟು, ಕಂಟ್ರೋಲರ್ ಕೆಳಗಿಟ್ಟು, ಕಾಫಿ ಕುಡಿದು ಬರುವಷ್ಟರಲ್ಲಿ ಕ್ಯಾಮೆರಾ ನಕ್ಷೆ ದಾಟಿ ಎಲ್ಲೋ ಹೋಗಿರುತ್ತದೆ.

ನಾನು ಗೋಡೋಟ್ ಅನ್ನುವ, ಆಟ ಕಟ್ಟುವ ತಂತ್ರಾಂಶದಲ್ಲಿ ಒಂದು ಜೀಪ್ ಆಟ ಮಾಡುತ್ತಿದ್ದೇನೆ. ಕೊಡಗಿನ ಮಾಂದಲ್‌ಪಟ್ಟಿ ಬೆಟ್ಟ ಹತ್ತುವ ದಾರಿಯ ಥರದ ಏರು, ಕಲ್ಲು, ಕೆಸರು. ಲೆವೆಲ್ ಕಟ್ಟುವವರು ಸೋಮವಾರಪೇಟೆಯಲ್ಲಿರುವ ಚಿಕ್ಕಪ್ಪನ ಮಕ್ಕಳು. ಅವರಿಗೆ ಮೌಸ್ ಬೇಡ, ಎಲ್ಲಾ ಕಂಟ್ರೋಲರ್‌ನಲ್ಲೇ ಆಗಬೇಕು. "ಅಣ್ಣ, ಸ್ಟಿಕ್ ಹೋಯ್ತು, ಹೊಸದು ಆರ್ಡರ್ ಮಾಡ್ಲಾ?" ಅಂತ ಫೋನ್ ಬಂದರೆ ನನ್ನ ಉತ್ತರ ಯಾವಾಗಲೂ ಒಂದೇ. ಆರ್ಡರ್ ಆಮೇಲೆ ಮಾಡು, ಮೊದಲು ನಂಬರ್ ಓದು.

ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, "ಜಾಯ್ ಡಾಟ್ ಸಿಪಿಎಲ್" ಅಂತ ಇಂಗ್ಲಿಷಿನಲ್ಲಿ ಕೊಟ್ಟರೆ ಕಂಟ್ರೋಲರ್ ಪರೀಕ್ಷಿಸುವ ಕಿಟಕಿ ಬರುತ್ತದೆ. ಲಿನಕ್ಸ್‌ನಲ್ಲಿ ಜೆಎಸ್‌ಟೆಸ್ಟ್ ಇದೆ. ಎಡಿಟರ್ ನಿಮ್ಮದೇ ಆಗಿದ್ದರೆ ಇನ್ನೂ ಒಳ್ಳೆಯದು: ಪರದೆಯ ಮೂಲೆಯಲ್ಲಿ ಎರಡೂ ಸ್ಟಿಕ್‌ಗಳ ಕಚ್ಚಾ ನಂಬರನ್ನು ಬರೆಸಿ. ಗೋಡೋಟ್‌ನ "ಗೆಟ್ ಜಾಯ್ ಆಕ್ಸಿಸ್" ಫಂಕ್ಷನ್ ಡೆಡ್‌ಝೋನ್ (ನಡುವಿನ ಸುತ್ತ, ಸ್ಟಿಕ್ ಅಲ್ಲಾಡಿದರೂ ಲೆಕ್ಕಕ್ಕೆ ಹಿಡಿಯದ ಜಾಗ) ಕಳೆಯದೆ, ಇದ್ದದ್ದನ್ನು ಇದ್ದ ಹಾಗೆ -1ರಿಂದ 1ರ ಒಳಗೆ ಕೊಡುತ್ತದೆ. ಕೈ ಬಿಟ್ಟು ನೋಡಿ. ಒಂದೊಂದು ಕಡೆಗೂ ಪೂರ್ತಿ ತಳ್ಳಿ, ಬಿಟ್ಟು, ಮತ್ತೆ ನೋಡಿ.

ಕೈ ಬಿಟ್ಟಾಗ 0.06ರ ಹತ್ತಿರ ಏನಾದರೂ ಬಂದು ಅಲ್ಲೇ ನಿಂತರೆ ಗಾಬರಿ ಬೇಡ. ಪಕ್ಕಾ ಸೊನ್ನೆಗೆ ಬಂದು ನಿಲ್ಲುವ ಸ್ಟಿಕ್ ಸಿಗುವುದು ಕಷ್ಟ. ವಿಂಡೋಸ್‌ನಲ್ಲಿ ಕಂಟ್ರೋಲರ್ ಓದುವ ಮೈಕ್ರೋಸಾಫ್ಟ್‌ನ ಎಕ್ಸ್‌ಇನ್‌ಪುಟ್, ಎಡ ಸ್ಟಿಕ್‌ಗೆ 32767ರಲ್ಲಿ 7849, ಬಲಕ್ಕೆ 8689 ಡೆಡ್‌ಝೋನ್ ಇಡಿ ಅನ್ನುತ್ತದೆ. ಅಂದರೆ ಸುಮಾರು ಕಾಲು ಭಾಗ! ನಂಬರ್ ನಿಲ್ಲದೆ 0.1, 0.4, 0 ಅಂತ ಕುಣಿದರೆ ಆಗ ಸ್ಟಿಕ್‌ನ ಒಳಗೇ ತೊಂದರೆ. ನಂಬರ್ ಸೊನ್ನೆ ತೋರಿಸುತ್ತಿದ್ದೂ ಕ್ಯಾಮೆರಾ ಓಡುತ್ತಿದ್ದರೆ ಕಂಟ್ರೋಲರ್‌ದು ಏನೂ ತಪ್ಪಿಲ್ಲ, ಸುಮ್ನೆ ಅದನ್ನು ಬಿಚ್ಚಬೇಡಿ.

ಕ್ಯಾಮೆರಾ ದುಪ್ಪಟ್ಟು ವೇಗದಲ್ಲಿ ಓಡಿದರೆ, ಅಥವಾ ಸ್ಟಿಕ್ ತಿರುಗಿಸಿದಾಗ ಮೌಸ್ ಬಾಣವೂ ಹರಿದರೆ, ಹಿಂದೆ ಆಟ ಕೊಂಡು ಆಡುವ ಸ್ಟೀಮ್ ಆ್ಯಪ್ ತೆರೆದಿದೆಯಾ ನೋಡಿ. ಅದರೊಳಗಿನ ಸ್ಟೀಮ್ ಇನ್‌ಪುಟ್ ಒಂದು ನಕಲಿ ಕಂಟ್ರೋಲರ್ ಹುಟ್ಟಿಸುತ್ತದೆ. ಎಡಿಟರ್ ಅಸಲಿಯನ್ನೂ ನಕಲಿಯನ್ನೂ ಎರಡನ್ನೂ ಕೇಳುತ್ತಾ ಕೂತಿರಬಹುದು. ಸ್ಟೀಮ್ ಮುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಇನ್ನು ಡೆಡ್‌ಝೋನ್. ಎಲ್ಲರೂ ಮೊದಲು ಕೈ ಹಾಕುವುದು ಇಲ್ಲಿಗೇ, ಹಾಕಿದರೆ ಜಾಸ್ತಿಯೇ ಹಾಕುತ್ತಾರೆ. ಗೋಡೋಟ್ 4ರ ಶುರುವಿನ ಆವೃತ್ತಿಗಳಲ್ಲಿ ಹೊಸ ಆಕ್ಷನ್‌ಗೆ (ಬಟನ್, ಸ್ಟಿಕ್‌ಗೆ ಜೋಡಿಸುವ ಕೆಲಸದ ಹೆಸರು) ತಾನಾಗಿ ಬರುತ್ತಿದ್ದ ಡೆಡ್‌ಝೋನ್ 0.5. ಅರ್ಧ ದಾರಿ ತಳ್ಳುವವರೆಗೆ ಏನೂ ಆಗುವುದಿಲ್ಲ! ಜೀಪ್ ಓಡಿಸಲು ಪರವಾಗಿಲ್ಲ, ಗಿಡ ನೆಡಲು ಆಗುವುದಿಲ್ಲ. ಕೈ ಬಿಟ್ಟಾಗ ಕಂಡ ಅತಿ ದೊಡ್ಡ ನಂಬರಿಗಿಂತ ಸ್ವಲ್ಪ ಮೇಲೆ ಇಟ್ಟರೆ ಸಾಕು.

ಎಕ್ಸ್‌ಗೆ (ಅಡ್ಡಕ್ಕೆ) ಬೇರೆ, ವೈಗೆ (ಉದ್ದಕ್ಕೆ) ಬೇರೆ ಅಂತ ಡೆಡ್‌ಝೋನ್ ಕಳೆಯಬೇಡಿ. ಹಾಗೆ ಮಾಡಿದರೆ ಕರ್ಸರ್ ನೇರ ಗೆರೆಗೆ ಅಂಟಿಕೊಂಡು ಓರೆಯಾಗಿ ಹೋಗಲು ಹಟ ಮಾಡುತ್ತದೆ. ನಮ್ಮ ಕಡೆ ನೇರ ರಸ್ತೆ ಎಲ್ಲಿದೆ ಹೇಳಿ, ಲೆವೆಲ್ ತುಂಬಾ ತಿರುವೇ. ಎರಡೂ ಅಕ್ಷ ಸೇರಿಸಿ, ನಡುವಿನಿಂದ ಎಷ್ಟು ದೂರ ಅಂತ ಅಳೆದು ವೃತ್ತಾಕಾರದಲ್ಲಿ ಕಳೆಯಬೇಕು. ಗೋಡೋಟ್‌ನ "ಗೆಟ್ ವೆಕ್ಟರ್" ಇದನ್ನೇ ಮಾಡುತ್ತದೆ, ಉಳಿದ ಭಾಗವನ್ನು ಮತ್ತೆ 0ರಿಂದ 1ಕ್ಕೆ ಹಿಗ್ಗಿಸಿಯೂ ಕೊಡುತ್ತದೆ. ಹಿಗ್ಗಿಸದಿದ್ದರೆ ಡೆಡ್‌ಝೋನ್ ದಾಟಿದ ತಕ್ಷಣ ಕರ್ಸರ್ ಎಗರುತ್ತದೆ.

ನನ್ನ ತಲೆ ಹೆಚ್ಚು ತಿಂದದ್ದು ಗ್ರಿಡ್, ಅಂದರೆ ಗಿಡ, ಕಲ್ಲು ಕೂರಿಸುವ ಚೌಕಗಳ ಬಲೆ. ದೂರು ಹೀಗಿತ್ತು: ಮೆಲ್ಲಗೆ ತಳ್ಳಿದರೆ ಕರ್ಸರ್ ಅಲ್ಲಾಡುವುದಿಲ್ಲ, ಸ್ವಲ್ಪ ಜೋರು ಮಾಡಿದರೆ ಬಾಣದಂತೆ ಹೋಗುತ್ತದೆ. ಕೇಳಿದವರೆಲ್ಲ ಡೆಡ್‌ಝೋನ್ ಅಂದರು. ನಂಬರ್ ನೋಡಿದರೆ ಸ್ಟಿಕ್ ಚೆನ್ನಾಗಿಯೇ ಇದೆ. ಆಗಿದ್ದು ಇಷ್ಟು. ಒಂದು ಫ್ರೇಮ್‌ನಲ್ಲಿ (ಪರದೆಯ ಚಿತ್ರ ಒಂದು ಸಲ ಬದಲಾಗುವಷ್ಟರಲ್ಲಿ) ಕರ್ಸರ್ 0.05 ಸರಿಯುತ್ತದೆ, ಗ್ರಿಡ್‌ನ ಚೌಕ 1. ಅದೇ ಫ್ರೇಮ್‌ನಲ್ಲಿ, ಹತ್ತಿರದ ಚೌಕಕ್ಕೆ ಕೂರಿಸುವ ಸ್ನ್ಯಾಪ್ ಬಂದು 0.05 ಅನ್ನು ಸೊನ್ನೆಗೆ ಎಳೆಯುತ್ತದೆ. ಮುಂದಿನ ಫ್ರೇಮ್‌ನಲ್ಲೂ ಅದೇ ಕಥೆ. ಜೋರಾಗಿ ತಳ್ಳಿ ಒಂದು ಫ್ರೇಮ್‌ಗೆ 0.6 ಆದರೆ ಅದು 1ಕ್ಕೆ ಏರುತ್ತದೆ, ಸೆಕೆಂಡಿಗೆ 60 ಫ್ರೇಮ್ ಇದ್ದರೆ 60 ಚೌಕ ದಾಟುತ್ತದೆ. ಕರ್ಸರ್‌ನ ನಿಜವಾದ ಜಾಗವನ್ನು ಸ್ನ್ಯಾಪ್ ಮಾಡದೆ ಬೇರೆ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಪರದೆಯಲ್ಲಿ ತೋರಿಸುವುದನ್ನು, ಗಿಡ ನೆಡುವುದನ್ನು ಮಾತ್ರ ಗ್ರಿಡ್‌ಗೆ ಕೂರಿಸಿ.

ಕಕ್ಕಡ ತಿಂಗಳ ಮಳೆಯಲ್ಲಿ ಇನ್ನೊಂದು ದೂರು ಬಂತು: "ಕರೆಂಟ್ ಹೋದಾಗ ಸ್ಟಿಕ್ ನಿಧಾನ ಆಗ್ತದೆ." ನಗಬೇಡಿ, ನಿಜವೇ. ಲ್ಯಾಪ್‌ಟಾಪ್ ಬ್ಯಾಟರಿಗೆ ಇಳಿದರೆ ಗ್ರಾಫಿಕ್ಸ್ ಕುಗ್ಗಿ ಫ್ರೇಮ್ 60ರಿಂದ 30ಕ್ಕೆ ಬೀಳಬಹುದು. ಚಲನೆಯ ಲೆಕ್ಕದಲ್ಲಿ ಡೆಲ್ಟಾದಿಂದ (ಹಿಂದಿನ ಫ್ರೇಮ್‌ನಿಂದ ಈಗಿನವರೆಗೆ ಕಳೆದ ಸಮಯ) ಗುಣಿಸದಿದ್ದರೆ ಕರ್ಸರ್ ವೇಗವೂ ಅರ್ಧ ಆಗುತ್ತದೆ. ಖಾಲಿ ಲೆವೆಲ್‌ನಲ್ಲಿ ಹಾರುವ ಕ್ಯಾಮೆರಾ, ಸಾವಿರಾರು ಕಾಫಿ ಗಿಡ, ಮೇಲೆ ಸಿಲ್ವರ್ ಮರ ಎಲ್ಲಾ ತುಂಬಿದ ಮೇಲೆ ತೆವಳುವುದಕ್ಕೂ ಇದೇ ಕಾರಣ. ಡೆಲ್ಟಾ ಸೇರಿಸಿ. ಬೆರಳಿಗೆ ಹಿಡಿತ ಇನ್ನೂ ಬೇಕಿದ್ದರೆ, ದಿಕ್ಕು ಹಾಗೇ ಇಟ್ಟು, ಎಷ್ಟು ತಳ್ಳಿದೆ ಅನ್ನುವುದನ್ನು ವರ್ಗ ಮಾಡಿ. ಅರ್ಧ ತಳ್ಳಿದರೆ ಕಾಲು ವೇಗ ಸಿಗುತ್ತದೆ.

ನಂಬರ್ ಕುಣಿಯುತ್ತಿದ್ದರೆ ಮಾತ್ರ ಕಂಟ್ರೋಲರ್ ಕಡೆ ಬನ್ನಿ. ಸಾಮಾನ್ಯ ಸ್ಟಿಕ್‌ಗಳಲ್ಲಿ ಅಕ್ಷಕ್ಕೊಂದು ಪೊಟೆನ್ಷಿಯೋಮೀಟರ್ ಇರುತ್ತದೆ. ಕಾರ್ಬನ್ ಪಟ್ಟಿಯ ಮೇಲೆ ಲೋಹದ ಕಡ್ಡಿ ಉಜ್ಜುತ್ತಾ ಹೋಗುತ್ತದೆ. ದೂಳು ಕೂತರೂ, ಪಟ್ಟಿ ಸವೆದರೂ ಓದು ತಪ್ಪುತ್ತದೆ. ಕಂಟ್ರೋಲರ್ ಆಫ್ ಮಾಡಿ, ಸ್ಟಿಕ್ ಓರೆ ಮಾಡಿ, ಬುಡಕ್ಕೆ 99% ಐಸೋಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಬಿಟ್ಟು ಸುತ್ತಲೂ ತಿರುಗಿಸಿ, ಪೂರ್ತಿ ಒಣಗಲು ಬಿಡಿ. ಸ್ಯಾನಿಟೈಸರ್ ಹಾಕಬೇಡಿ, ಅದರಲ್ಲಿ ನೀರಿದೆ, ಅಂಟೂ ಇರುತ್ತದೆ. ದೂಳಾಗಿದ್ದರೆ ಇಷ್ಟಕ್ಕೇ ಹೋಗುತ್ತದೆ. ಸವೆತಕ್ಕೆ ಮದ್ದಿಲ್ಲ, ಮಾಡ್ಯೂಲ್ ಬದಲಿಸಬೇಕು. ಬದಲಿಸುವುದಾದರೆ ಹಾಲ್ ಎಫೆಕ್ಟ್‌ನದು ಕೇಳಿ. ಅದು ಅಯಸ್ಕಾಂತದಿಂದ ಅಳೆಯುತ್ತದೆ, ಉಜ್ಜಿ ಸವೆಯುವ ಪಟ್ಟಿಯೇ ಇಲ್ಲ.

ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ ಅಂತ ಕಂಟ್ರೋಲರನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುವವರನ್ನು ನೋಡಿದ್ದೇನೆ. ಒಳಗೆ ಲಿಥಿಯಂ ಬ್ಯಾಟರಿ ಇದ್ದರೆ ಬಿಸಿ ಅದಕ್ಕೆ ಆಗಿಬರುವುದಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಅದರಲ್ಲಿಡಿ.